ಪಾಸ್‌ಪೋರ್ಟ್ ಹೋದರೆ ದೂರಿನಲ್ಲಿ ಏನು ಬರೆಯಬೇಕು?

ನಮ್ಮ ಕಾಲೇಜಿನಲ್ಲಿ ಓದುವ ಅನೇಕರ ಮನೆಗಳಲ್ಲಿ ಯಾರಾದರೊಬ್ಬರು ಸೌದಿಯಲ್ಲೋ, ದುಬೈಯಲ್ಲೋ, ಕತಾರಿನಲ್ಲೋ ದುಡಿಯುತ್ತಿದ್ದಾರೆ. ಅಬ್ಬಾ, ಚಾಚಾ, ಮಾಮು, ಅಕ್ಕನ ಗಂಡ, ಹೀಗೆ. ಹಜ್, ಉಮ್ರಾ ಮುಗಿಸಿ ಬಂದ ಹಿರಿಯರಂತೂ ಪ್ರತಿ ಗಲ್ಲಿಯಲ್ಲೂ ಸಿಗುತ್ತಾರೆ. ಆದ್ದರಿಂದ ಪಾಸ್‌ಪೋರ್ಟ್ ಎಂಬ ಆ ಕಡುನೀಲಿ ಪುಸ್ತಕ ನಮಗೆ ಹೊಸದಲ್ಲ. ಬೀರುವಿನಲ್ಲಿ ಒಡವೆಯ ಪಕ್ಕದಲ್ಲೇ ಅದಕ್ಕೂ ಜಾಗ ಇರುತ್ತದೆ. ಆದರೆ ಅದು ಕಾಣೆಯಾದ ದಿನ ಏನು ಮಾಡಬೇಕು ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಏಜೆಂಟ್‌ಗೆ ಫೋನ್ ಮಾಡು." ಈ ಕೆಲಸಕ್ಕೆ ಏಜೆಂಟ್ ಬೇಕಾಗಿಯೇ ಇಲ್ಲ. ಅಷ್ಟೇ ಅಲ್ಲ, ಕೆಲವು ಏಜೆಂಟರು ಹೇಳಿಕೊಡುವ ಒಂದು ಮಾತು ನಮ್ಮನ್ನು ಜೈಲಿನ ಬಾಗಿಲವರೆಗೂ ಕರೆದೊಯ್ಯಬಲ್ಲದು.

ಮನೆಯಲ್ಲಿ ನಾವು ಉರ್ದುವಿನಲ್ಲಿ "ಪಾಸ್‌ಪೋರ್ಟ್ ಗಯಾ" ಎನ್ನುತ್ತೇವೆ, ಕನ್ನಡದಲ್ಲಿ "ಪಾಸ್‌ಪೋರ್ಟ್ ಹೋಯ್ತು" ಎನ್ನುತ್ತೇವೆ. ಈ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಎಲ್ಲೋ ಬಿದ್ದು ಕಳೆದುಹೋಗಿರಬಹುದು. ಯಾರೋ ಕದ್ದಿರಬಹುದು. ಇಲ್ಲವೇ ಬೇರೆ ಯಾರದೋ ಕೈಯಲ್ಲಿದ್ದು ಅವರು ಕೊಡದೆ ಇರಬಹುದು. ಮನೆಯವರಿಗೆ ಮೂರರ ಸಂಕಟವೂ ಒಂದೇ. ಕಾನೂನಿಗೆ ಮಾತ್ರ ಮೂರೂ ಬೇರೆ. ದೂರಿನಲ್ಲಿ ಯಾವ ಪದ ಬರೆಯುತ್ತೇವೋ ಅದರ ಮೇಲೆಯೇ ಮುಂದಿನ ದಾರಿ ನಿಂತಿದೆ.

ಮೊದಲು ಕಳೆದುಹೋದದ್ದನ್ನು ನೋಡೋಣ. ಒಂದು ದಿನ ಚೆನ್ನಾಗಿ ಹುಡುಕಿ. ಹಳೆಯ ಬ್ಯಾಗು, ಜೆರಾಕ್ಸ್ ಅಂಗಡಿ, ವೀಸಾಕ್ಕೆಂದು ಕೊಟ್ಟಿದ್ದ ಟ್ರಾವೆಲ್ಸ್ ಕಚೇರಿ, ಎಲ್ಲ ಕಡೆ ಕೇಳಿ. ಸಿಗಲಿಲ್ಲವೆಂದರೆ ಕಳೆದುಹೋದ ಜಾಗದ ಪೊಲೀಸ್ ಠಾಣೆಗೆ ಹೋಗಿ ಲಿಖಿತವಾಗಿ ದೂರು ಕೊಡಬೇಕು. ಕಳೆದುಕೊಳ್ಳುವುದು ಅಪರಾಧವಲ್ಲ, ಹಾಗಾಗಿ ಇಲ್ಲಿ ಎಫ್‌ಐಆರ್ ಆಗುವುದಿಲ್ಲ. ಠಾಣೆಯವರು ದೂರು ದಾಖಲಿಸಿಕೊಂಡು ಸ್ವೀಕೃತಿ ಅಥವಾ ಹಿಂಬರಹ ಕೊಡುತ್ತಾರೆ. ಅದರಲ್ಲಿ ಪಾಸ್‌ಪೋರ್ಟಿನ ಸಂಖ್ಯೆ, ಹೆಸರು, ಕಳೆದ ದಿನ ಮತ್ತು ಸ್ಥಳ ಸರಿಯಾಗಿವೆಯೇ ಎಂದು ಅಲ್ಲೇ ನಿಂತು ಓದಿಕೊಳ್ಳಿ. ನಮ್ಮ ಪಾಸ್‌ಪೋರ್ಟಿನ ಸಂಖ್ಯೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಏಳು ಅಂಕಿಗಳು ಇರುತ್ತವೆ. ಒಂದು ಅಂಕಿ ತಪ್ಪಿದರೂ ಮುಂದೆ ಮತ್ತೆ ಠಾಣೆ ಸುತ್ತಬೇಕಾಗುತ್ತದೆ.

ಕಳ್ಳತನವಾದರೆ ವಿಷಯ ಬೇರೆ. ಅದು ಅಪರಾಧ, ಆದ್ದರಿಂದ ಎಫ್‌ಐಆರ್ ಕೇಳುವುದು ನಮ್ಮ ಹಕ್ಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಹೊರಟು ಬೆಳಿಗ್ಗೆ ಊರಲ್ಲಿ ಇಳಿದಾಗ ಬ್ಯಾಗಿನ ಜಿಪ್ ಹರಿದಿರುವುದು ಕಂಡರೆ ಯಾವ ಠಾಣೆಗೆ ಹೋಗುವುದು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ಠಾಣೆಯವರು ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು. "ಕಳವಾಗಿದೆ ಅಂತ ಬೇಡ, ಕಳೆದಿದೆ ಅಂತ ಬರ್ಕೊಡಿ, ಬೇಗ ಆಗುತ್ತೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಳೆ ಆ ಪಾಸ್‌ಪೋರ್ಟ್ ಹಿಡಿದು ಬೇರೆ ಯಾರೋ ಏನೋ ಮಾಡಿದರೆ, ಕಳವಾಗಿತ್ತು ಎಂದು ತೋರಿಸಲು ನಮ್ಮ ಕೈಯಲ್ಲಿ ಇರುವುದು ಆ ಕಾಗದ ಒಂದೇ.

ದೂರು ಕೊಟ್ಟ ಮೇಲೆ ಪಾಸ್‌ಪೋರ್ಟ್ ಕಚೇರಿಗೂ ತಿಳಿಸಬೇಕು. ಕಳೆದಿದೆ ಎಂದು ದಾಖಲಾದ ಪಾಸ್‌ಪೋರ್ಟ್ ರದ್ದಾಗುತ್ತದೆ. ವಾರದ ನಂತರ ಅದು ಸೋಫಾದ ಸಂದಿಯಲ್ಲಿ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಕಳೆದ ಮತ್ತು ಕಳವಾದ ಪ್ರಯಾಣ ದಾಖಲೆಗಳ ಪಟ್ಟಿಯನ್ನು ಇಂಟರ್‌ಪೋಲ್ 2002ರಿಂದ ಇಟ್ಟುಕೊಂಡು ಬಂದಿದೆ. ದೇಶ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಅದನ್ನು ನೋಡುತ್ತಾರೆ. ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಹಳೆಯದನ್ನೇ ಹಿಡಿದು ಹೊರಟವರನ್ನು ಕೌಂಟರಿನಲ್ಲೇ ಪಕ್ಕಕ್ಕೆ ನಿಲ್ಲಿಸುತ್ತಾರೆ. ಸಿಕ್ಕ ಹಳೆಯ ಪುಸ್ತಕವನ್ನು ಪಾಸ್‌ಪೋರ್ಟ್ ಕಚೇರಿಗೆ ಒಪ್ಪಿಸಬೇಕು.

ಹೊಸದಕ್ಕೆ ಅರ್ಜಿ ಹಾಕುವ ಕ್ರಮ ಅಷ್ಟೇನೂ ಕಷ್ಟವಲ್ಲ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅಥವಾ ಎಂಪಾಸ್‌ಪೋರ್ಟ್ ಸೇವಾ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ, 'ರೀ-ಇಶ್ಯೂ' ಆರಿಸಿ, ಕಾರಣದಲ್ಲಿ ಕಳೆದಿದೆ ಎಂಬುದನ್ನು ಗುರುತು ಮಾಡಬೇಕು. ಹೊಸದಾಗಿ ಮಾಡಿಸುವವರ ಹಾಗೆ 'ಫ್ರೆಶ್' ಎಂದು ಹಾಕಬಾರದು, ಏಕೆಂದರೆ ಹಿಂದೆ ಪಾಸ್‌ಪೋರ್ಟ್ ಇತ್ತು ಎಂಬುದನ್ನು ಮುಚ್ಚಿಟ್ಟಂತಾಗುತ್ತದೆ. ಹಣವನ್ನು ಅಲ್ಲೇ ಆನ್‌ಲೈನ್‌ನಲ್ಲಿ ಕಟ್ಟಿ ದಿನಾಂಕ ಪಡೆಯಬೇಕು. ಅದೇ ತರಹದ ಹೆಸರಿಟ್ಟುಕೊಂಡ ನಕಲಿ ತಾಣಗಳೂ ಇವೆ. ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣದ 'ಜಿಒವಿ ಡಾಟ್ ಇನ್' ಇದೆಯೇ ನೋಡಿಕೊಳ್ಳಿ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ಉಳಿದ ಅನೇಕ ಊರುಗಳಲ್ಲಿ ಅಂಚೆ ಕಚೇರಿಯಲ್ಲೇ ಈ ಕೆಲಸ ಆಗುತ್ತದೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಎಂಬ ಈ ಏರ್ಪಾಡು ದೇಶದಲ್ಲೇ ಮೊದಲು ಶುರುವಾದದ್ದು 2017ರ ಜನವರಿಯಲ್ಲಿ, ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ.

ಖರ್ಚಿನ ಲೆಕ್ಕ ವಾಣಿಜ್ಯ ವಿದ್ಯಾರ್ಥಿಯಾಗಿ ನಾನು ಹೇಳಲೇಬೇಕು. 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 1,500 ರೂಪಾಯಿ. ಕಳೆದದ್ದರ ಬದಲಿಗೆ ಪಡೆಯುವುದಾದರೆ 3,000. ತತ್ಕಾಲ್‌ನಲ್ಲಿ ಬೇಕೆಂದರೆ ಮೇಲೆ ಇನ್ನೂ 2,000. ಅರ್ಜಿ ಹಾಕುವ ದಿನ ಅದೇ ತಾಣದ ಫೀ ಕ್ಯಾಲ್ಕುಲೇಟರಿನಲ್ಲಿ ಒಮ್ಮೆ ನೋಡಿಕೊಂಡರೆ ಏಜೆಂಟ್ ಹೇಳುವ ಮೊತ್ತದಲ್ಲಿ ಸರ್ಕಾರದ್ದೆಷ್ಟು, ಅವನದೆಷ್ಟು ಎಂಬುದು ತಿಳಿಯುತ್ತದೆ. ಹೇಗೆ, ಎಲ್ಲಿ ಕಳೆಯಿತು ಎಂದು ವಿವರಿಸುವ ಹೇಳಿಕೆಯೊಂದನ್ನು 'ಅನೆಕ್ಷರ್ ಎಫ್' ನಮೂನೆಯಲ್ಲಿ ಕೊಡಬೇಕು. 2016ರ ಡಿಸೆಂಬರಿನಲ್ಲಿ ನಿಯಮ ಸಡಿಲವಾದ ಮೇಲೆ ಇದನ್ನು ಬಿಳಿ ಹಾಳೆಯ ಮೇಲೆ ನಾವೇ ಬರೆದು ಸಹಿ ಮಾಡಿದರೆ ಸಾಕು. ಛಾಪಾ ಕಾಗದ, ನೋಟರಿ ಎಂದು ಕಚೇರಿಯ ಹೊರಗೆ ಟೇಬಲ್ ಹಾಕಿಕೊಂಡು ಕುಳಿತವರಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಪೊಲೀಸ್ ದಾಖಲೆಯ ಮೂಲ ಪ್ರತಿ, ವಿಳಾಸ ಮತ್ತು ಜನ್ಮ ದಿನಾಂಕದ ದಾಖಲೆ, ಹಳೆಯ ಪಾಸ್‌ಪೋರ್ಟಿನ ಮೊದಲ ಎರಡು, ಕೊನೆಯ ಎರಡು ಪುಟಗಳ ಜೆರಾಕ್ಸ್ ಇದ್ದರೆ ಅದು, ಇಷ್ಟನ್ನು ತೆಗೆದುಕೊಂಡು ಹೋಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಮರೆಯಬೇಡಿ. ಹತ್ತನೇ ತರಗತಿ ಪಾಸಾದವರಿಗೆ ಇಸಿಆರ್ ಮುದ್ರೆ ಬೇಕಿಲ್ಲ. ಅಂಕಪಟ್ಟಿ ತೋರಿಸದೆ ಆ ಮುದ್ರೆ ಬಿದ್ದರೆ ಗಲ್ಫ್‌ಗೆ ಕೆಲಸಕ್ಕೆ ಹೋಗುವಾಗ ಇನ್ನೊಂದು ಅನುಮತಿಗೆ ಅಲೆಯಬೇಕು. ಕೇಂದ್ರದಲ್ಲಿ ಎ, ಬಿ, ಸಿ ಎಂಬ ಮೂರು ಕೌಂಟರ್ ದಾಟಿದ ಮೇಲೆ ಠಾಣೆಯಿಂದ ಪರಿಶೀಲನೆ ನಡೆಯುತ್ತದೆ, ನಂತರ ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬರುತ್ತದೆ.

ವಿದೇಶದಲ್ಲಿ ಕಳೆದರೆ ಮೊದಲು ಅಲ್ಲಿಯ ಪೊಲೀಸರು, ಆಮೇಲೆ ನಮ್ಮ ರಾಯಭಾರ ಕಚೇರಿ. ಸೌದಿಯಲ್ಲಿ ರಿಯಾದ್‌ನ ಎಂಬಸಿ ಅಥವಾ ಜಿದ್ದಾದ ಕಾನ್ಸುಲೇಟ್, ಎಮಿರೇಟ್ಸ್‌ನಲ್ಲಿ ಅಬುಧಾಬಿಯ ಎಂಬಸಿ ಅಥವಾ ದುಬೈನ ಕಾನ್ಸುಲೇಟ್, ಕತಾರಿನಲ್ಲಿ ದೋಹಾ. ಅಲ್ಲೇ ಕೆಲಸ ಮುಂದುವರಿಸುವವರು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ತಕ್ಷಣ ಊರಿಗೆ ಬರಬೇಕಾದವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಗಲ್ಫ್‌ನಲ್ಲಿರುವ ನಮ್ಮವರು ಅದನ್ನು ಔಟ್‌ಪಾಸ್ ಎಂದು ಕರೆಯುವುದು. ಅದರಲ್ಲಿ ಭಾರತಕ್ಕೆ ಒಂದು ಸಲ ಬರಬಹುದು, ಅಷ್ಟೇ. ಔಟ್‌ಪಾಸ್ ಸಿಕ್ಕಿತು ಎಂದು ಟಿಕೆಟ್ ಮಾಡಿಸಿಬಿಡಬಾರದು, ಸೌದಿಯಂಥ ದೇಶದಿಂದ ಹೊರಡಲು ಆ ದೇಶದ ಎಕ್ಸಿಟ್ ಅನುಮತಿಯೂ ಬೇಕು. ಹೊಸ ಪಾಸ್‌ಪೋರ್ಟ್ ಬಂದರೂ ಕೆಲಸ ಮುಗಿಯುವುದಿಲ್ಲ. ಸಂಖ್ಯೆ ಬದಲಾಗಿರುತ್ತದೆ, ಇಕಾಮಾದ ದಾಖಲೆಯಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ. ಅದನ್ನು ಬದಲಾಯಿಸುವುದಕ್ಕೆ ಅಲ್ಲಿ 'ನಕಲ್ ಮಾಲೂಮಾತ್' ಎನ್ನುತ್ತಾರೆ. ಉರ್ದು ಬಲ್ಲ ನಮಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಇಲ್ಲಿ ನಕಲ್ ಎಂದರೆ ಕಾಪಿ ಅಲ್ಲ, ವರ್ಗಾವಣೆ.

ಈಗ ಮೂರನೆಯದು. ಪಾಸ್‌ಪೋರ್ಟ್ ಎಲ್ಲಿದೆ ಎಂದು ಗೊತ್ತಿದೆ, ಇಟ್ಟುಕೊಂಡವರು ಕೊಡುತ್ತಿಲ್ಲ. ನನ್ನ ಒಬ್ಬ ಮಾಮು ರಿಯಾದ್‌ನಲ್ಲಿ ಒಂದು ಮನೆಯ ಡ್ರೈವರ್ ಆಗಿದ್ದರು. ನಾನಿಗೆ ಆಪರೇಷನ್ ಎಂದಾಗ ರಜೆ ಕೇಳಿದರು. ಕಫೀಲ್ ರಜೆಯನ್ನೂ ಕೊಡಲಿಲ್ಲ, ಮೊದಲ ದಿನವೇ ತೆಗೆದಿಟ್ಟುಕೊಂಡಿದ್ದ ಪಾಸ್‌ಪೋರ್ಟನ್ನೂ ಕೊಡಲಿಲ್ಲ. ಇಲ್ಲಿಂದ ಕಳುಹಿಸಿದ್ದ ಏಜೆಂಟ್ ಫೋನಿನಲ್ಲಿ, "ಕಳೆದುಹೋಗಿದೆ ಅಂತ ಪೊಲೀಸರಿಗೆ ಹೇಳು, ಎಂಬಸಿಯಲ್ಲಿ ಇನ್ನೊಂದು ಕೊಡ್ತಾರೆ" ಎಂದ. ನಮ್ಮ ಮನೆಯಲ್ಲಿ ಎಲ್ಲರಿಗೂ ಅದೇ ಸರಿ ಎನಿಸಿತ್ತು. ಮಾಮು ಹಾಗೆ ಹೇಳಲಿಲ್ಲ. ಎಂಬಸಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು. ಅವರು ಕಫೀಲ್‌ನನ್ನು ಕರೆದು ಮಾತಾಡಿ ಪಾಸ್‌ಪೋರ್ಟ್ ಬಿಡಿಸಲು ಮೂರು ವಾರ ಹಿಡಿಯಿತು. ಮಾಮು ಬಂದಾಗ ಆಪರೇಷನ್ ಮುಗಿದು ನಾನಿ ಮನೆಗೆ ಬಂದಿದ್ದರು. ತಡವಾಯಿತು ಎಂದು ಅಮ್ಮಿ ಇಂದಿಗೂ ಏಜೆಂಟನ ಮಾತು ಕೇಳಬಹುದಿತ್ತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಏಕೆಂದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಂ ಹೀಗಿದೆ: ಪಾಸ್‌ಪೋರ್ಟ್ ಪಡೆಯಲು ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಎರಡು ವರ್ಷದವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಹತ್ತಿರದ ಅಪಾಯ ಅಲ್ಲೇ ಇದೆ. ಕಳೆದಿದೆ ಎಂದು ಕೆಲಸಗಾರ ದೂರು ಕೊಟ್ಟ ಮರುದಿನ ಕಫೀಲ್ ಅದೇ ಪಾಸ್‌ಪೋರ್ಟನ್ನು ಠಾಣೆಯ ಮೇಜಿನ ಮೇಲಿಟ್ಟು "ಇಲ್ಲೇ ಇದೆಯಲ್ಲ" ಎಂದರೆ, ತಪ್ಪು ಮಾಡಿದವನು ಸುಮ್ಮನೆ ಮನೆಗೆ ಹೋಗುತ್ತಾನೆ, ಅನ್ಯಾಯಕ್ಕೊಳಗಾದವನು ಸುಳ್ಳು ದೂರು ಕೊಟ್ಟ ಆರೋಪಿಯಾಗುತ್ತಾನೆ. ನಿಜ ಬರೆದವನ ಕೈಯಲ್ಲಿ ಕಾನೂನು ಇರುತ್ತದೆ. ಉದಾಹರಣೆಗೆ ಕತಾರಿನ 2015ರ 21ನೇ ಕಾನೂನಿನಂತೆ ಕೆಲಸಗಾರರ ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡ ಮಾಲೀಕನಿಗೆ 25,000 ರಿಯಾಲ್‌ವರೆಗೆ ದಂಡ ಇದೆ. ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. 2015ರಲ್ಲಿ ಅದನ್ನು ಶುರು ಮಾಡಿದ್ದೇ ಇಂಥ ಸಂಕಟಗಳಿಗಾಗಿ.

ಸಾಲ ಕೊಟ್ಟವರು ಪಾಸ್‌ಪೋರ್ಟ್ ಒತ್ತೆ ಇಟ್ಟುಕೊಳ್ಳುವುದು, ಜಗಳವಾದಾಗ ಮಾವನ ಮನೆಯವರು ಸೊಸೆಯ ಪಾಸ್‌ಪೋರ್ಟ್ ಬಚ್ಚಿಡುವುದು ನಮ್ಮ ಮೊಹಲ್ಲಾಗಳಲ್ಲೂ ಕೇಳಿಬರುವ ಮಾತು. ಅಲ್ಲಿಯೂ ಇದೇ ನಿಯಮ. ಅದೇ ಕಾಯ್ದೆಯ 17ನೇ ಕಲಂ ಪ್ರಕಾರ ಪಾಸ್‌ಪೋರ್ಟ್ ಯಾವತ್ತೂ ಕೇಂದ್ರ ಸರ್ಕಾರದ ಆಸ್ತಿ. ನಮ್ಮ ಲೆಕ್ಕಶಾಸ್ತ್ರದ ಪ್ರಕಾರ ಅದನ್ನು ಸ್ವಂತ ಆಸ್ತಿಯ ಕಡೆ ಬರೆಯುವ ಹಾಗೆಯೇ ಇಲ್ಲ. ನಮ್ಮದೇ ಅಲ್ಲದ ವಸ್ತುವನ್ನು ನಾವು ಒತ್ತೆ ಇಡುವುದು ಹೇಗೆ, ಅವರು ಇಟ್ಟುಕೊಳ್ಳುವುದು ಹೇಗೆ? ಇಂಥವರ ಮೇಲೆ ಕೊಡುವ ದೂರಿನಲ್ಲಿ ಯಾರ ಬಳಿ ಇದೆ, ಯಾವಾಗಿನಿಂದ ಇದೆ, ಕೇಳಿದಾಗ ಏನೆಂದರು ಎಂಬುದನ್ನು ಬರೆಯಬೇಕು. ಕೇಳಿದ್ದಕ್ಕೆ ಒಂದು ವಾಟ್ಸ್ಆ್ಯಪ್ ಸಂದೇಶ ಇದ್ದರೂ ಸಾಕ್ಷಿಯಾಗಿ ಉಳಿಸಿಕೊಳ್ಳಿ.

ಹಜ್‌ಗೆ ಹೋಗುವ ಹಿರಿಯರಿಗೆ ಮಾತ್ರ ಒಂದು ವಿಷಯ ಮೊದಲೇ ತಿಳಿಸಿ. ಅಲ್ಲಿ ಇಳಿದ ಮೇಲೆ ಯಾತ್ರಿಕರ ಪಾಸ್‌ಪೋರ್ಟ್‌ಗಳನ್ನು ವ್ಯವಸ್ಥೆಯವರು ಸಂಗ್ರಹಿಸಿ, ಮರಳುವಾಗ ಕೊಡುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಅದು ಕಳೆದದ್ದೂ ಅಲ್ಲ, ಕಸಿದದ್ದೂ ಅಲ್ಲ. ಗಾಬರಿಯಾಗಿ ದೂರು ಕೊಟ್ಟರೆ ಪಾಸ್‌ಪೋರ್ಟ್ ರದ್ದಾಗಿ ನಿಜವಾದ ತೊಂದರೆ ಅಲ್ಲಿಂದ ಶುರುವಾಗುತ್ತದೆ. ಹೊರಡುವ ಮುನ್ನ ಮೊದಲ ಮತ್ತು ಕೊನೆಯ ಪುಟಗಳ ಫೋಟೋ ತೆಗೆದು ಅವರ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇಡಿ. ಒಂದು ಜೆರಾಕ್ಸ್ ಮನೆಯಲ್ಲಿ, ಪಾಸ್‌ಪೋರ್ಟ್ ಇಡುವ ಜಾಗದಲ್ಲಲ್ಲ, ಬೇರೆ ಕಡೆ ಇರಲಿ. ಇನ್ನೂ 18 ತುಂಬದ ನಮ್ಮಂಥವರ ಪಾಸ್‌ಪೋರ್ಟ್ ಹೋದರೆ ಅಬ್ಬಾ, ಅಮ್ಮಿ ಇಬ್ಬರ ಒಪ್ಪಿಗೆಯ 'ಅನೆಕ್ಷರ್ ಡಿ' ಕೂಡ ಅರ್ಜಿಯ ಜೊತೆ ಬೇಕು. ಉಳಿದ ಅನುಮಾನಗಳಿಗೆ ಪಾಸ್‌ಪೋರ್ಟ್ ಸೇವೆಯ ಉಚಿತ ಸಹಾಯವಾಣಿ 1800-258-1800 ಇದೆ.