ಎಸೆದ ಕಲ್ಲಿನ ವೇಗ

ಓರೆಯಾಗಿ ಮೇಲಕ್ಕೆಸೆದ ಕಲ್ಲು ತನ್ನ ದಾರಿಯ ತುದಿಯಲ್ಲಿ ಕ್ಷಣಕಾಲ ನಿಲ್ಲುವುದೇ? ನಿಲ್ಲುವುದೆಂದೂ, ಎಸೆದ ಬಲವೆಲ್ಲ ಅಲ್ಲಿಯೇ ತೀರಿಹೋಗುವುದರಿಂದ ಆಮೇಲೆ ಬೀಳುವ ಕಲ್ಲಿಗೆ ಅಷ್ಟು ರಭಸವಿಲ್ಲವೆಂದೂ ಅನೇಕರ ಭಾವನೆ. ಈ ಭಾವನೆಯಿಂದ ಅನರ್ಥವುಂಟಾಗುವ ಸಂಭವವಿರುವುದರಿಂದ ಇದನ್ನು ಇಲ್ಲಿ ವಿಚಾರಿಸುವೆವು.

ವೇಗವೆಂಬ ಸಂಸ್ಕಾರವು ಇರುವವರೆಗೆ ಗುರುತ್ವವು ತಡೆಯಲ್ಪಟ್ಟಿರುವುದೆಂದೂ, ಅದು ನಶಿಸಿದ ಮೇಲೆ ಪತನವಾಗುವುದೆಂದೂ ನಮ್ಮ ವೈಶೇಷಿಕರು ಹೇಳಿದರು. ಪತನಕ್ಕೆ ಗುರುತ್ವವೇ ಕಾರಣವೆಂಬುದು ನಿಜ. ಆದರೆ ಅದು ಸರದಿಯನ್ನು ಕಾಯುವುದಿಲ್ಲ. ಕಲ್ಲು ಕೈಬಿಟ್ಟ ಕ್ಷಣದಿಂದಲೇ ಅದರ ಕೆಲಸವು ಮೊದಲಾಗುವುದು. ಇಟಲಿ ದೇಶದಲ್ಲಿ ಗೃಹಬಂಧನದಲ್ಲಿದ್ದ ವೃದ್ಧ ಗೆಲಿಲಿಯೋ, 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಇಂತಹ ಗತಿಯಲ್ಲಿ ಎರಡು ಚಲನೆಗಳು ಕೂಡಿರುವುವೆಂದು ತೋರಿಸಿದನು. ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಸಾಗುವುದೊಂದು. ಮೇಲೇರಿ ಕೆಳಗಿಳಿಯುವುದು ಇನ್ನೊಂದು. ಭೂಮಿಯು ಸೆಳೆಯುವುದು ಕೆಳಕ್ಕೆ ಮಾತ್ರವಾದುದರಿಂದ ಮುಂದಕ್ಕೆ ಸಾಗುವ ವೇಗವು ಅದರಿಂದ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟು ಲೆಕ್ಕವನ್ನು ನೋಡೋಣ. ಕಲ್ಲಿಗೆ ಸೆಕೆಂಡಿಗೆ ಮುಂದಕ್ಕೆ 10 ಮೀಟರು, ಮೇಲಕ್ಕೆ 20 ಮೀಟರು ವೇಗವಿರಲಿ. ಭೂಮಿಯ ಸೆಳೆತವು ಒಂದೊಂದು ಸೆಕೆಂಡಿನಲ್ಲಿಯೂ ಮೇಲ್ಮುಖ ವೇಗದಿಂದ ಸುಮಾರು 9.8 ಮೀಟರನ್ನು ಕಳೆಯುವುದು. ಎಣಿಕೆಯ ಸೌಕರ್ಯಕ್ಕಾಗಿ 10 ಎನ್ನೋಣ. 1 ಸೆಕೆಂಡು ಕಳೆದಾಗ ಮೇಲ್ಮುಖ ವೇಗವು 10. 2 ಕಳೆದಾಗ ಶೂನ್ಯ. 3 ಕಳೆದಾಗ ಕೆಳಮುಖವಾಗಿ 10. 4 ಕಳೆದಾಗ ಕೆಳಮುಖವಾಗಿ 20. ಮುಂದಕ್ಕೆ ಸಾಗುವ ವೇಗವಾದರೋ ಮೊದಲಿನಿಂದ ಕಡೆಯವರೆಗೆ 10 ಆಗಿಯೇ ಇರುವುದು.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುವುವು. ಮೊದಲನೆಯದು, 20 ಮೀಟರು ಎತ್ತರದ ಆ ತುದಿಯಲ್ಲಿ ಕಲ್ಲು ನಿಲ್ಲುವುದಿಲ್ಲ. ಸೆಕೆಂಡಿಗೆ 10 ಮೀಟರಿನಂತೆ ಮುಂದೆ ಸಾಗುತ್ತಲೇ ಇರುವುದು. ಸೆಳೆತವೂ ಅಲ್ಲಿ ವಿರಮಿಸುವುದಿಲ್ಲ. ವಿರಮಿಸಿದ್ದರೆ ಕಲ್ಲು ಬಾಗದೆ ನೇರವಾಗಿಯೇ ಹೊರಟುಹೋಗುತ್ತಿತ್ತು. ಎರಡನೆಯದು, ಹತ್ತುವಾಗ ಕಳೆದುಕೊಂಡ ವೇಗವನ್ನು ಕಲ್ಲು ಇಳಿಯುವಾಗ ಪೂರ್ತಿಯಾಗಿ ಮರಳಿ ಪಡೆಯುವುದು. ಎಸೆದ ಮಟ್ಟಕ್ಕೆ ಬರುವಾಗ ಎಸೆದಷ್ಟೇ ವೇಗವುಳ್ಳದ್ದಾಗಿರುವುದು. ಗಾಳಿಯು ಇದರಲ್ಲಿ ಒಂದಿಷ್ಟನ್ನು ಅಪಹರಿಸುವುದು ನಿಜ. ಹಕ್ಕಿಯ ಗರಿಗೆ ಆ ನಷ್ಟವು ಬಹಳ, ಕಲ್ಲಿಗೆ ಸ್ವಲ್ಪ.

ತಂಗಿಯನ್ನು ಕಾಯಿ ಆಯುವುದಕ್ಕೆಂದು ಮಾವಿನ ಮರದಡಿ ನಿಲ್ಲಿಸಿ ಕಲ್ಲು ಬೀರುವ ಹುಡುಗನಿಗೆ ಇದು ತಿಳಿದಿರಬೇಕು. ಅವನನ್ನು ಬರಿದೆ ಗದರಿಸಿದರೆ ಸಾಲದು. “ನೀನು ಬೀಸಿದಷ್ಟೇ ರಭಸದಿಂದ ಅದು ಕೆಳಗೆ ಬಂದೀತಪ್ಪಾ” ಎಂದು ಕಾರಣಸಹಿತವಾಗಿ ಹೇಳಿದರೆ, ತಂಗಿಯನ್ನು ಅವನೇ ದೂರ ನಿಲ್ಲಿಸುವನು.