ದುಬೈಯಲ್ಲಿ ಸ್ವಂತ ಉದ್ಯಮ: ಪರವಾನಗಿಯಿಂದ ಗ್ರಾಚ್ಯುಟಿಯವರೆಗೆ

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಿದೇಶಿಯೊಬ್ಬರು ವ್ಯಾಪಾರ ಕಂಪನಿ ಸ್ಥಾಪಿಸಬೇಕಾದರೆ ಅದರ ಶೇಕಡ 51ರಷ್ಟು ಪಾಲು ಆ ದೇಶದ ಪ್ರಜೆಯ ಹೆಸರಿನಲ್ಲಿರಬೇಕೆಂಬುದು ದೀರ್ಘಕಾಲದ ಸಾಮಾನ್ಯ ನಿಯಮವಾಗಿತ್ತು. ಬಂಡವಾಳ, ದುಡಿಮೆ, ನಷ್ಟದ ಭಯ ಎಲ್ಲವೂ ವಿದೇಶಿಯದಾಗಿದ್ದರೂ ಕಾಗದದ ಮೇಲೆ ಹೆಚ್ಚಿನ ಒಡೆತನ ಸ್ಥಳೀಯ ಪಾಲುದಾರರದಾಗಿದ್ದು, ಕೊಲ್ಲಿಯಲ್ಲಿ ನೆಲೆಸಿದ ನಮ್ಮವರು 'ಅರಬಾಬ್' ಎಂದು ಕರೆಯುವ ಈ ಪ್ರಾಯೋಜಕರಿಗೆ ವರ್ಷಕ್ಕೆ ಇಂತಿಷ್ಟೆಂದು ಹಣ ಕೊಟ್ಟು, ಲಾಭದ ಹಕ್ಕನ್ನು ಬೇರೊಂದು ಖಾಸಗಿ ಒಪ್ಪಂದದಲ್ಲಿ ಬರೆಸಿಕೊಳ್ಳುವ ರೂಢಿ ಬೆಳೆದಿತ್ತು. ಇಂಥ ಒಪ್ಪಂದ ನ್ಯಾಯಾಲಯದಲ್ಲಿ ನಿಲ್ಲುತ್ತದೆಂಬ ಖಾತರಿ ಇರಲಿಲ್ಲವಾದ್ದರಿಂದ, ಪಾಲುದಾರರೊಡನೆ ಮನಸ್ತಾಪ ಬಂದರೆ ಕಟ್ಟಿದ ಉದ್ಯಮವೇ ಕೈತಪ್ಪುವ ಅಪಾಯವಿತ್ತು.

2020ರ ಕಾನೂನು ತಿದ್ದುಪಡಿ ಈ ವ್ಯವಸ್ಥೆಯನ್ನು ಬದಲಿಸಿತು. 2021ರ ಜೂನ್ 1ರಿಂದ ಬಹುತೇಕ ವ್ಯಾಪಾರ ಮತ್ತು ಕೈಗಾರಿಕಾ ಚಟುವಟಿಕೆಗಳಲ್ಲಿ ವಿದೇಶಿಯರು ಪೂರ್ಣ ಒಡೆತನ ಹೊಂದಬಹುದಾಗಿದ್ದು, ರಕ್ಷಣೆ, ಬ್ಯಾಂಕಿಂಗ್, ವಿಮೆ, ದೂರಸಂಪರ್ಕದಂಥ ಆಯಕಟ್ಟಿನ ಕ್ಷೇತ್ರಗಳಿಗೆ ಮಾತ್ರ ಪ್ರತ್ಯೇಕ ನಿಬಂಧನೆಗಳಿವೆ. ಫ್ರೀ ಝೋನ್‌ಗಳಲ್ಲಿ, ಅಂದರೆ ತಮ್ಮದೇ ಪ್ರಾಧಿಕಾರ ಮತ್ತು ನಿಯಮಗಳಿರುವ ಮುಕ್ತ ವಲಯಗಳಲ್ಲಿ, ಈ ಸೌಲಭ್ಯ ಮೊದಲೇ ಇತ್ತು. 1985ರಲ್ಲಿ ಆರಂಭವಾದ ಜೆಬೆಲ್ ಅಲಿ ಇವುಗಳಲ್ಲಿ ಮೊದಲನೆಯದು. ಆದರೆ ಮುಕ್ತ ವಲಯದ ಪರವಾನಗಿಯೊಂದನ್ನೇ ಹಿಡಿದು ವಲಯದ ಹೊರಗಿನ ಪೇಟೆಯಲ್ಲಿ ಅಂಗಡಿ ಇಡಲಾಗದು. ಅದಕ್ಕೆ ಬೇರೆ ಅನುಮತಿ ಬೇಕು. ಅಗ್ಗದ ಪ್ಯಾಕೇಜಿನ ಜಾಹೀರಾತು ನೋಡಿ ಹಣ ಕಟ್ಟುವವರು ಮೊದಲು ಎಡವುವುದು ಇಲ್ಲಿಯೇ.

ದುಬೈಯ ಕರಾಮಾ ಬಡಾವಣೆಯಲ್ಲಿ ಉಡುಪಿ ಮಾದರಿಯ ಸಸ್ಯಾಹಾರಿ ಹೋಟೆಲು ತೆರೆಯಬಯಸುವವರ ಉದಾಹರಣೆಯನ್ನೇ ತೆಗೆದುಕೊಂಡರೆ, ಅವರು ಅರ್ಥ ಮತ್ತು ಪ್ರವಾಸೋದ್ಯಮ ಇಲಾಖೆಯಿಂದ ವ್ಯಾಪಾರದ ಹೆಸರಿಗೂ ಚಟುವಟಿಕೆಗೂ ಪ್ರಾಥಮಿಕ ಒಪ್ಪಿಗೆ ಪಡೆದು, ಜಾಗದ ಬಾಡಿಗೆ ಕರಾರನ್ನು 'ಇಜಾರಿ' ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿ, ಅಡುಗೆಮನೆಯ ವಿನ್ಯಾಸಕ್ಕೆ ದುಬೈ ಮುನ್ಸಿಪಾಲಿಟಿಯ ಮಂಜೂರಾತಿ ಪಡೆದ ಬಳಿಕವೇ ಪರವಾನಗಿ ಕೈಸೇರುತ್ತದೆ. ಆ ನಂತರದ ಪ್ರತಿಯೊಂದು ಕಾಗದವೂ ಈ ಪರವಾನಗಿಗೇ ಅಂಟಿಕೊಂಡಿರುತ್ತದೆ. ಅದರ ಆಧಾರದ ಮೇಲೆ ಸಂಸ್ಥೆಗೆ ಎಸ್ಟಾಬ್ಲಿಷ್‌ಮೆಂಟ್ ಕಾರ್ಡ್ ದೊರೆಯುತ್ತದೆ, ಅದರಿಂದ ಕೆಲಸಗಾರರ ವೀಸಾ ಕೋಟಾ ನಿಗದಿಯಾಗುತ್ತದೆ. ಜಾಗ ಚಿಕ್ಕದಾದರೆ ಕೋಟಾ ಸಹ ಚಿಕ್ಕದಾಗುವುದರಿಂದ, ಬಾಡಿಗೆ ಉಳಿಸಲು ಇಕ್ಕಟ್ಟಾದ ಮಳಿಗೆ ಹಿಡಿದವರಿಗೆ ದೋಸೆ ಹುಯ್ಯುವವರನ್ನೂ ಬಡಿಸುವವರನ್ನೂ ಬೇಕಾದಷ್ಟು ಕರೆಸಿಕೊಳ್ಳಲಾಗದೆ ಹೋಗಬಹುದು. ಮಾಲೀಕರಿಗೂ ಅಲ್ಲಿ ನೆಲೆಸಲು ಪಾಲುದಾರರ ವೀಸಾವೋ ಹೂಡಿಕೆದಾರರ ವೀಸಾವೋ ಬೇಕಾಗುತ್ತದೆ.

ನೌಕರರ ವಿಷಯದಲ್ಲಿ ಕೆಲಸದ ಅನುಮತಿ ಮತ್ತು ವಾಸದ ಅನುಮತಿ ಎರಡೂ ಬೇರೆ ಬೇರೆ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯವು ವರ್ಕ್ ಪರ್ಮಿಟ್ ನೀಡಿದ ಮೇಲೆ ಪ್ರವೇಶಾನುಮತಿ ಬರುತ್ತದೆ. ಅದರ ಮೇಲೆ ಬಂದವರು ವೈದ್ಯಕೀಯ ತಪಾಸಣೆ ಮುಗಿಸಿ, ಎಮಿರೇಟ್ಸ್ ಐಡಿಗಾಗಿ ಬೆರಳಚ್ಚು ಕೊಟ್ಟ ನಂತರ ಸಾಮಾನ್ಯವಾಗಿ ಎರಡು ವರ್ಷದ ವಾಸದ ವೀಸಾ ಪಡೆಯುತ್ತಾರೆ. ಈ ಖರ್ಚನ್ನೂ ನೇಮಕಾತಿಯ ಖರ್ಚನ್ನೂ ಮಾಲೀಕರೇ ಭರಿಸಬೇಕು, ಅದನ್ನು ಸಂಬಳದಲ್ಲಿ ಕಡಿಯುವಂತಿಲ್ಲ, ಪಾಸ್‌ಪೋರ್ಟನ್ನು ಕಿತ್ತಿಟ್ಟುಕೊಳ್ಳುವಂತಿಲ್ಲ. ವಿಸಿಟ್ ವೀಸಾದ ಮೇಲೆ ಬಂದವರಿಂದ ಒಂದು ದಿನ ದುಡಿಸಿಕೊಂಡರೂ ಅದು ಅಪರಾಧ. ಇಷ್ಟು ಸ್ಪಷ್ಟವಾದ ನಿಯಮಗಳಿದ್ದೂ ಊರಿನಲ್ಲಿ ಸಾಲ ಮಾಡಿ 'ವೀಸಾ ಕೊಂಡುಕೊಂಡು' ಹೋಗುವವರು ಇನ್ನೂ ಇರುವುದು ನೋವಿನ ಮಾತು.

ದುಡಿಮೆಯ ಷರತ್ತುಗಳು 2022ರ ಫೆಬ್ರವರಿ 2ರಂದು ಜಾರಿಯಾದ ಕಾರ್ಮಿಕ ಕಾನೂನಿನಲ್ಲಿವೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿ, ವರ್ಷ ತುಂಬಿದವರಿಗೆ 30 ದಿನಗಳ ಸಂಬಳಸಹಿತ ರಜೆ, ಆರು ತಿಂಗಳಿಗೆ ಮೀರದ ಪರೀಕ್ಷಾ ಅವಧಿ ಇವುಗಳಲ್ಲಿ ಮುಖ್ಯವಾದವು. ವೇತನವನ್ನು 2009ರಲ್ಲಿ ಆರಂಭವಾದ ವೇತನ ಸಂರಕ್ಷಣಾ ವ್ಯವಸ್ಥೆಯ ಮೂಲಕ, ಅಂದರೆ ಸಚಿವಾಲಯದ ಕಣ್ಣಿಗೆ ಬೀಳುವಂತೆ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್‌ಗಳ ಮುಖಾಂತರ, ಪಾವತಿಸಬೇಕಾಗಿದ್ದು, ತಡ ಮಾಡುವ ಸಂಸ್ಥೆಗೆ ಹೊಸ ಪರ್ಮಿಟ್‌ಗಳೇ ನಿಂತುಹೋಗಬಹುದು.

ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಲ್ಲುವ ಇಡುಗಂಟು. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ, ನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲವೇತನವನ್ನು ಕೊಡಬೇಕೆಂದು ಕಾನೂನು ಹೇಳುತ್ತದೆ. ಲೆಕ್ಕಕ್ಕೆ ಹಿಡಿಯುವುದು ಮೂಲವೇತನವನ್ನು ಮಾತ್ರ, ಭತ್ಯೆಗಳನ್ನಲ್ಲ. ತಿಂಗಳಿಗೆ 3,000 ದಿರ್ಹಂ ಪಡೆಯುವ ಅಡುಗೆಯವರ ಕರಾರಿನಲ್ಲಿ ಅಷ್ಟೂ ಮೂಲವೇತನವೆಂದಿದ್ದರೆ ಏಳು ವರ್ಷಗಳ ಕೊನೆಗೆ 16,500 ದಿರ್ಹಂ ಬರುತ್ತದೆ. ಅದೇ ಸಂಬಳವನ್ನು 1,200 ಮೂಲವೇತನ, 1,800 ಭತ್ಯೆ ಎಂದು ಒಡೆದು ಬರೆದಿದ್ದರೆ ಕೈಗೆ ಸಿಗುವುದು 6,600 ದಿರ್ಹಂ ಮಾತ್ರ. ಎರಡೂ ಕಾನೂನುಬದ್ಧವೇ, ಆದರೆ ಎರಡೂ ನ್ಯಾಯವೆನ್ನಲಾಗದು. ನೌಕರರು ಸಹಿ ಹಾಕುವ ಮುನ್ನ ಓದಬೇಕಾದ ಸಾಲು ಇದು, ಮಾಲೀಕರು ಬರೆಯುವ ಮುನ್ನ ಯೋಚಿಸಬೇಕಾದ ಸಾಲು ಸಹ ಇದೇ.

ಒಡೆತನದ ಬಾಗಿಲು ತೆರೆದ ಸರ್ಕಾರವು ತನ್ನ ಪ್ರಜೆಗಳ ಪಾಲನ್ನು ಈಗ ಉದ್ಯೋಗದ ರೂಪದಲ್ಲಿ ಕೇಳುತ್ತಿದೆ. ಎಮಿರಾಟೀಕರಣ ಎನ್ನುವ ಈ ನೀತಿಯ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಮೇನ್‌ಲ್ಯಾಂಡ್ ಸಂಸ್ಥೆಗಳು, ಅಂದರೆ ಮುಕ್ತ ವಲಯಗಳ ಹೊರಗಿನವು, ಕೌಶಲ್ಯದ ಹುದ್ದೆಗಳಲ್ಲಿ ಸ್ಥಳೀಯರ ಪ್ರಮಾಣವನ್ನು ವರ್ಷಕ್ಕೆ ಶೇಕಡ 2ರಂತೆ ಹೆಚ್ಚಿಸುತ್ತ 2026ರ ಕೊನೆಗೆ ಶೇಕಡ 10ಕ್ಕೆ ತರಬೇಕಾಗಿದ್ದು, ತಪ್ಪಿದರೆ ಭರ್ತಿಯಾಗದ ಪ್ರತಿ ಹುದ್ದೆಗೆ ದಂಡ ತೆರಬೇಕು. 2022ರಲ್ಲಿ ತಿಂಗಳಿಗೆ 6,000 ದಿರ್ಹಂ ಇದ್ದ ಈ ದಂಡ ವರ್ಷಕ್ಕೆ ಸಾವಿರದಂತೆ ಏರುತ್ತದೆ. ಹಳೆಯ ಅರಬಾಬ್‌ನಂತೆ ಸ್ಥಳೀಯರ ಹೆಸರನ್ನು ಸಂಬಳದ ಪಟ್ಟಿಯಲ್ಲಿ ಸುಮ್ಮನೆ ತೋರಿಸುವವರಿಗೂ ಕಠಿಣ ದಂಡವಿದೆ.

ಊರಿನಿಂದಲೇ ಕೆಲಸಗಾರರನ್ನು ಕರೆಸುವವರಿಗೆ ಭಾರತದ 1983ರ ವಲಸೆ ಕಾಯ್ದೆಯೂ ಅನ್ವಯಿಸುತ್ತದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ವಲಸೆ ತಪಾಸಣೆ ಬೇಕಾದ ವರ್ಗಕ್ಕೆ ಸೇರುವುದರಿಂದ, ಅಂಥವರ ಕರಾರು 'ಇ-ಮೈಗ್ರೇಟ್' ಜಾಲದ ಮೂಲಕ ಮಂಜೂರಾಗಬೇಕು, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಇರಬೇಕು.

ಉದ್ಯಮ ಕೈಹಿಡಿಯದೆ ಮುಚ್ಚುವಾಗಲೂ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕಾಗುತ್ತದೆ: ಮೊದಲು ನೌಕರರ ಬಾಕಿ ಮತ್ತು ಗ್ರಾಚ್ಯುಟಿ, ಬಳಿಕ ಅವರ ಪರ್ಮಿಟ್ ಹಾಗೂ ವೀಸಾಗಳ ರದ್ದತಿ, ಕೊನೆಯಲ್ಲಿ ಪರವಾನಗಿ. ಬೀಗ ಜಡಿದು ವಿಮಾನ ಹತ್ತಿದ ಮಾಲೀಕರಿಂದಾಗಿ ಸಂಬಳವಿಲ್ಲದೆ ಪರದೇಶದಲ್ಲಿ ಸಿಕ್ಕಿಬಿದ್ದವರ ಸಂಕಟಕ್ಕೆ ಉತ್ತರವೆಂಬಂತೆ, 2024ರ ತಿದ್ದುಪಡಿಯು ಹಕ್ಕುಬಾಧ್ಯತೆ ತೀರಿಸದೆ ಸಂಸ್ಥೆ ಮುಚ್ಚುವವರಿಗೂ ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವವರಿಗೂ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡವನ್ನು ವಿಧಿಸಿದೆ.