ವಿದೇಶದ ನಂಟು, ಸರ್ಕಾರಿ ಹುದ್ದೆ: ನಂಬಿಕೆ ಯಾವುದು, ನಿಯಮ ಯಾವುದು?

ಯುಪಿಎಸ್‌ಸಿ, ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಗಳಲ್ಲಿ ಈಗೀಗ ಹೊಸದೊಂದು ಆತಂಕ ಕಾಣುತ್ತಿದೆ. ಹೊರದೇಶದ ಸಂಬಂಧ ನೌಕರಿಗೆ ಅಡ್ಡಿಯಾದೀತೇ ಎಂಬ ಭಯ ಅದು. ಗಾಳಿಮಾತು ನಂಬಿ ಅರ್ಜಿ ಹಾಕದೆ ಕುಳಿತರೂ ನಷ್ಟ, ಹೆದರಿ ವಿಷಯ ಮುಚ್ಚಿಟ್ಟರಂತೂ ಇನ್ನೂ ದೊಡ್ಡ ನಷ್ಟ.

ತಪ್ಪು ಕಲ್ಪನೆ: ಒಡಹುಟ್ಟಿದವರು ಅಮೆರಿಕದಲ್ಲಿದ್ದರೆ ಪೊಲೀಸ್ ಪರಿಶೀಲನೆಯಲ್ಲಿ ಕೆಲಸ ಕೈತಪ್ಪುತ್ತದೆ.

ಸತ್ಯ: ಬಂಧುಗಳು ವಿದೇಶದಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಕೇಂದ್ರ ನೌಕರಿಗೆ ಆಯ್ಕೆಯಾದವರು ದೃಢೀಕರಣ ನಮೂನೆಯೊಂದನ್ನು ತುಂಬಬೇಕು. ತಂದೆ, ತಾಯಿ, ಗಂಡ ಅಥವಾ ಹೆಂಡತಿಯ ರಾಷ್ಟ್ರೀಯತೆ, ಹೊರದೇಶದಲ್ಲಿ ಓದುವ ಇಲ್ಲವೇ ನೆಲೆಸಿರುವ ಮಕ್ಕಳ ವಿವರ, ಅಭ್ಯರ್ಥಿಯೇ ವಿದೇಶದಲ್ಲಿ ವಾಸವಿದ್ದ ಸ್ಥಳಗಳು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಸುಳ್ಳು ಬರೆದರೆ ಅಥವಾ ವಿಷಯ ಮರೆಮಾಚಿದರೆ ಅನರ್ಹರಾಗುತ್ತೀರಿ ಎಂಬ ಎಚ್ಚರಿಕೆಯೂ ಅದೇ ಹಾಳೆಯಲ್ಲಿದೆ.

ತಪ್ಪು ಕಲ್ಪನೆ: ವಿದೇಶಿಯರನ್ನು ಮದುವೆಯಾದರೆ ನೌಕರಿ ಹೋಗುತ್ತದೆ.

ಸತ್ಯ: 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ, ಹಾಗೆ ಮದುವೆಯಾದ ನೌಕರರು ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ವಿದೇಶಾಂಗ ಸೇವೆಯಲ್ಲಿ ನಿಯಮ ಇನ್ನಷ್ಟು ಬಿಗಿ. ಅಲ್ಲಿ ಮದುವೆಗೆ ಮೊದಲೇ ಲಿಖಿತ ಅನುಮತಿ ಬೇಕು. ರಂಗೂನಿನಲ್ಲಿ ರಾಜತಾಂತ್ರಿಕರಾಗಿದ್ದ ಕೆ.ಆರ್. ನಾರಾಯಣನ್ ಬರ್ಮಾದ ಮಾ ಟಿಂಟ್ ಟಿಂಟ್ ಅವರನ್ನು ಮೆಚ್ಚಿದಾಗ ಪ್ರಧಾನಿ ನೆಹರೂ ಅವರ ವಿಶೇಷ ಅನುಮತಿ ಬೇಕಾಯಿತು. 1951ರಲ್ಲಿ ಮದುವೆ ನಡೆಯಿತು. ಆಕೆ ಭಾರತದ ಪೌರತ್ವ ಪಡೆದು ಉಷಾ ಆದರು. ನಾರಾಯಣನ್ ಚೀನಾ ಮತ್ತು ಅಮೆರಿಕಗಳಲ್ಲಿ ರಾಯಭಾರಿಯಾಗಿ, 1997ರಲ್ಲಿ ರಾಷ್ಟ್ರಪತಿಯೂ ಆದರು.

ತಪ್ಪು ಕಲ್ಪನೆ: ಒಸಿಐ (ಭಾರತದ ಸಾಗರೋತ್ತರ ಪೌರ) ಕಾರ್ಡ್ ಇದ್ದರೆ ಎರಡು ದೇಶಗಳ ಪೌರತ್ವ ಇದ್ದಂತೆ, ಇಲ್ಲಿಯೂ ಸರ್ಕಾರಿ ಹುದ್ದೆ ಹಿಡಿಯಬಹುದು.

ಸತ್ಯ: ಭಾರತದಲ್ಲಿ ದ್ವಿಪೌರತ್ವವಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಅಲ್ಲಿಗೇ ಮುಗಿಯುತ್ತದೆ. ಒಸಿಐ ಕಾರ್ಡಿನಿಂದ ವೀಸಾ ಇಲ್ಲದೆ ಬಂದು ಹೋಗಬಹುದು, ಇಲ್ಲೇ ನೆಲೆಸಬಹುದು. ಆದರೆ ಅದೇ ಕಾಯ್ದೆಯ 7ಬಿ ಸೆಕ್ಷನ್ ಪ್ರಕಾರ ಈ ಕಾರ್ಡುದಾರರಿಗೆ ಮತದ ಹಕ್ಕಿಲ್ಲ. ಶಾಸಕ, ಸಂಸದ, ನ್ಯಾಯಮೂರ್ತಿ, ರಾಷ್ಟ್ರಪತಿ ಆಗುವಂತಿಲ್ಲ. ಕೇಂದ್ರದ ವಿಶೇಷ ಆದೇಶವಿಲ್ಲದೆ ಸರ್ಕಾರಿ ಸೇವೆಗೂ ಸೇರುವಂತಿಲ್ಲ.

ತಪ್ಪು ಕಲ್ಪನೆ: ಭಾರತದಲ್ಲೇ ಹುಟ್ಟಿದವರು ಮಾತ್ರ ರಾಷ್ಟ್ರಪತಿ, ಪ್ರಧಾನಿ ಆಗಬಹುದು.

ಸತ್ಯ: ಹುಟ್ಟಿನಿಂದಲೇ ಪೌರರಾಗಿರಬೇಕು ಎಂಬ ಷರತ್ತು ಅಮೆರಿಕದ ಅಧ್ಯಕ್ಷ ಪದವಿಗಿದೆ. ನಮ್ಮ ಸಂವಿಧಾನ ಪೌರತ್ವವನ್ನು ಕೇಳುತ್ತದೆ, ಹುಟ್ಟೂರನ್ನು ಕೇಳುವುದಿಲ್ಲ. ಆದರೆ ಬೇರೆ ದೇಶಕ್ಕೆ ನಿಷ್ಠೆ ಒಪ್ಪಿಕೊಂಡವರು 102ನೇ ವಿಧಿಯ ಪ್ರಕಾರ ಸಂಸತ್ತಿಗೆ ಅನರ್ಹರು.

ತಪ್ಪು ಕಲ್ಪನೆ: ಪೌರರಲ್ಲದವರಿಗೆ ಕೇಂದ್ರದ ಯಾವ ಸೇವೆಯೂ ಸಿಗದು.

ಸತ್ಯ: ಐಎಎಸ್, ಐಪಿಎಸ್‌ಗೆ ಪೌರತ್ವ ಕಡ್ಡಾಯ. ಇತರ ಕೆಲವು ಸೇವೆಗಳಿಗೆ ನೇಪಾಳ, ಭೂತಾನ್ ಪ್ರಜೆಗಳು ಕೇಂದ್ರದ ಅರ್ಹತಾ ಪ್ರಮಾಣಪತ್ರ ಪಡೆದು ಸೇರಬಹುದು.

ಮಗಳು ಡಲ್ಲಾಸ್‌ನಲ್ಲಿರಲಿ, ಅಳಿಯ ಜರ್ಮನ್ ಪ್ರಜೆಯಾಗಿರಲಿ, ನಮೂನೆ ಕೇಳಿದ್ದನ್ನು ಇದ್ದದ್ದು ಇದ್ದಂತೆ ಬರೆಯಿರಿ. ಅನುಮಾನವಿದ್ದರೆ ಅಧಿಸೂಚನೆಯನ್ನು ನೀವೇ ಓದಿ, ಧೈರ್ಯವಾಗಿ ಅರ್ಜಿ ಹಾಕಿ.